ಕಾಕಾನ ಕಾರು ಸುಮ್ಮನಾಗುವ ಕ್ರಾಸು

ನಮ್ಮ ಕಾಕಾನನ್ನು ಎದುರೆದುರೇ ಬೈದು, ಆಮೇಲೂ ಅವರ ಮನೆಯಲ್ಲಿ ಜಾಗ ಉಳಿಸಿಕೊಂಡಿರುವುದು ಇಡೀ ಆಳಂದದಲ್ಲಿ ಒಂದೇ ಒಂದು. ಅದು ಅವರ ಕಾರು! ನಾನು ಸ್ವಂತ ಅಣ್ಣನ ಮಗಳು, ಮೇಲಾಗಿ ಶಾಲೆಯ ಟೀಚರು, ಬೈಯುವುದೇ ನನ್ನ ಉದ್ಯೋಗ. ಆದರೂ ನನಗೆ ಆ ಧೈರ್ಯವಿಲ್ಲ. ಕಾಕಿಗೆ ಬೈಯಬೇಕು ಅನ್ನಿಸಿದರೆ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಬೈಯುತ್ತಾಳೆ. ಕಾರು ಮಾತ್ರ ಯಾವ ಮುಲಾಜೂ ಇಲ್ಲದೆ, ಅವರ ಮುಖಕ್ಕೇ ಒದರುತ್ತದೆ.

ಅದಕ್ಕಿಂತ ಮುಂಚೆ ಕಾಕಾನ ಹತ್ತಿರ ಒಂದು ಜೀಪಿತ್ತು. ಕಾಳುಕಡಿಯ ಅಡತಿ ಅಂಗಡಿಯ ವ್ಯಾಪಾರಿಯಲ್ಲವೇ, ಗಾಡಿ ಓಡಿಸುವಾಗಲೂ ಕಣ್ಣು ಪಕ್ಕದ ಹೊಲದ ತೊಗರಿಯ ಮೇಲೆ. ಹಾಗೆ ನೋಡುತ್ತ ನೋಡುತ್ತ ಒಂದು ದಿನ ಜೀಪನ್ನು ಯಾರದೋ ಜೋಳದ ಕಣಿಕಿ ಬಣವಿಯೊಳಗೆ ನುಗ್ಗಿಸಿದರು. ಸುದ್ದಿ ಕೇಳಿ ಜೇವರ್ಗಿಯಿಂದ ಅಳಿಯ ಓಡಿ ಬಂದ. ಇನ್ನು ಮಾವನಿಗೆ ಬುದ್ಧಿ ಹೇಳುವ ಗಾಡಿಯೇ ಬೇಕು ಎಂದು ಕಲಬುರಗಿಯ ಶೋರೂಮಿಗೆ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ.

ಶೋರೂಮಿನ ಹುಡುಗ ಕೈಕಟ್ಟಿ ವಿವರಿಸಿದ. “ಸರ, ಈ ಗಾಡಿ ಅರ್ಧ ತಾನೇ ನಡೀತದ್ರಿ. ಆದ್ರ ಸ್ಟೀರಿಂಗ್ ಮ್ಯಾಲಿಂದ ಕೈ ತೆಗದ್ರ ಒದರತದ. ಇಲ್ಲೊಂದು ಸಣ್ಣ ಕ್ಯಾಮೆರಾ ಅದ ನೋಡ್ರಿ, ಕಣ್ಣು ರೋಡ್ ಬಿಟ್ಟು ಅತ್ತಾಗ ಇತ್ತಾಗ ಹೋದ್ರೂ ಒದರತದ.”

“ಬಾಯಿ ತೆಗದ್ರ?” ಕಾಕಾ ಕೇಳಿದರು.

“ಬಾಯಿಗೇನೂ ಇಲ್ರಿ ಸರ.”

“ಹಂಗಾರ ನಡೀತದ. ಇದನ್ನ ಕೊಡ್ರಿ!”

ಪಾಪ, ಕಾಕಾ ಬಾಯಿಯ ಲೆಕ್ಕ ಹಾಕಿದರೇ ಹೊರತು ಕೈಯದನ್ನು ಮರೆತೇಬಿಟ್ಟಿದ್ದರು. ಯಾಕೆಂದರೆ ನಮ್ಮ ಕಾಕಾ ಯಾರಿಗಾದರೂ ಶರಣು ಮಾಡಿದರೆ ಎರಡೂ ಕೈ ಸೇರಿಸಿ, ತಲೆ ಬಾಗಿಸಿ, ಎದುರಿನವರ ಮುಖ ನೋಡಿಯೇ ಮಾಡಬೇಕು. ಊಟ ಮಾಡುತ್ತಿದ್ದರೆ ರೊಟ್ಟಿ ಕೆಳಗಿಡುತ್ತಾರೆ. ಫೋನಿನಲ್ಲಿ ಮಾತಾಡುತ್ತಿದ್ದರೆ ಫೋನು ಕಂಕುಳಿಗೆ ಹೋಗುತ್ತದೆ! ವಯಸ್ಸಿದ್ದಾಗ ಒಮ್ಮೆ ಸೈಕಲ್ಲಿನ ಮೇಲೆ ಹೋಗುತ್ತ ಸ್ವಾಮಿಗಳಿಗೆ ಎರಡೂ ಕೈ ಎತ್ತಿ ಗಟಾರಕ್ಕೆ ಬಿದ್ದರಂತೆ. ಬಿದ್ದವರು ಗಟಾರದಲ್ಲೇ ಕೂತು ಶರಣು ಪೂರ್ತಿ ಮುಗಿಸಿದರಂತೆ. “ಒಂದ್ ಕೈಲೆ ಶರಣು ಮಾಡೋದಂದ್ರ ನೊಣ ಹೊಡದಂಗ ಬೇ!” ಎನ್ನುತ್ತಾರೆ ನನಗೆ.

ಇಂಥವರ ಕೈಗೆ ಕೈ ಬಿಡಬಾರದ ಗಾಡಿ ಬಂದರೆ ಏನಾಗಬೇಕು ಹೇಳಿ!

ನಾನು ಕಲಿಸುವುದು ಕರಜಗಿಯ ಶಾಲೆಯಲ್ಲಿ. ವಾರಾಂತ್ಯಕ್ಕೆ ಆಳಂದಕ್ಕೆ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತೇನೆ. ಕಾಕಾನಿಗೂ ಕರಜಗಿಯ ಆಚೆ ಒಂದಿಷ್ಟು ಕಬ್ಬಿನ ಹೊಲವಿದೆ. ಹಾಗಾಗಿ ಸೋಮವಾರ ನನ್ನ ಪ್ರಾಣ ಅವರ ಎರಡು ಕೈಯಲ್ಲಿ. ಅಂದರೆ, ಕೈ ಸ್ಟೀರಿಂಗಿನ ಮೇಲೆ ಇದ್ದಷ್ಟು ಹೊತ್ತು. ಆಳಂದ ಬಿಡುವ ಮೊದಲೇ ಜಿಡಗಾ ಮಠದ ದಿಕ್ಕಿಗೆ ಒಂದು ಶರಣು. ಟಿಣ್ ಟಿಣ್! ಕಿಣ್ಣಿ ಸುಲ್ತಾನದ ಪರಿಚಯದ ಟಂಟಂ ಡ್ರೈವರಿಗೆ ಒಂದು. ಟಿಣ್ ಟಿಣ್! ದರ್ಗಾಕ್ಕೆ ಒಂದು, ಗುಡಿಗೆ ಒಂದು, ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು. ಕೈ ಬಿಟ್ಟಿದ್ದಕ್ಕೆ ಒಂದು ಬೈಗುಳ, ಮುಖ ನೋಡಿದ್ದಕ್ಕೆ ಇನ್ನೊಂದು. ಜೊತೆಗೆ ನನ್ನ ಚೀರಾಟ: “ಕಾಕಾ, ಕೈ!”

ಕಾಕಾ ನನಗೆ ಉತ್ತರ ಕೊಡುವುದಿಲ್ಲ, ಕಾರಿಗೆ ಕೊಡುತ್ತಾರೆ. “ಕೇಳಸ್ತು, ಕೇಳಸ್ತು! ಹಿರೇರು ಹೊಂಟಾರ, ಸುಮ್ನ ಹೆಂಗ್ ಹೋಗ್ಲಿ?”

ಇನ್ನು ಕಿಟಕಿಯ ಗಾಜು ಏರಿಸುವಂತಿಲ್ಲ. ಏರಿಸಿದರೆ ಶರಣು ಮಂದಿಗೆ ಹೇಗೆ ಕಾಣಬೇಕು? ಎಸಿ ಇರುವ ಕಾರಿನಲ್ಲಿ ಅಫಜಲಪುರದ ಧೂಳನ್ನೆಲ್ಲ ತಲೆಗೆ ಹಾಕಿಕೊಂಡು ನಾನು ಶಾಲೆಗೆ ಹೋಗುತ್ತೇನೆ. ಆ ತೆರೆದ ಕಿಟಕಿಯಿಂದಾಗಿ ಕಾರಿನ ಕೂಗು ಹೊರಗೂ ಕೇಳುತ್ತದೆ. ಹಾದಿಯ ಊರುಗಳಲ್ಲಿ ಈಗ ಹಾರ್ನು ಯಾರಿಗೂ ಬೇಕಿಲ್ಲ. “ಸಾವಕಾರ್ರ ಒದರೋ ಗಾಡಿ ಬಂತು” ಎಂದು ಜನ ಮೊದಲೇ ಎದ್ದು ಕೈ ಜೋಡಿಸಿ ನಿಂತಿರುತ್ತಾರೆ!

ಬೈದು ಬೈದು ಸಾಕಾದ ಮೇಲೆ ಕಾರು ಪರದೆಯ ಮೇಲೆ ಒಂದು ಚಹಾ ಕಪ್ಪಿನ ಚಿತ್ರ ತೋರಿಸುತ್ತದೆ. ದಣಿದಿದ್ದೀರಿ, ಸ್ವಲ್ಪ ನಿಲ್ಲಿ ಎಂದರ್ಥ. ಬೀಗರು ಚಹಾಕ್ಕೆ ಕರೆದರೂ ಬ್ಯಾಡ ಬ್ಯಾಡ ಎನ್ನುವ ಕಾಕಾ ಕಾರು ಕರೆದರೆ ತಕ್ಷಣ ಇಳಿಯುತ್ತಾರೆ. “ಇಷ್ಟ್ ಮರ್ಯಾದಿಲೆ ಕರದ್ರ ಒಲ್ಲೆ ಅನ್ನಾಕ ಬರ್ತದೇನ್ ಬೇ?” ಹೀಗೆ ಹೋಟೆಲು ಹೋಟೆಲಿಗೆ ಇಳಿಯುತ್ತ ನಾನು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಹೆಡ್‌ಮಾಸ್ತರರಿಗೆ ಏನು ಹೇಳಲಿ? ಕಾರಿಗೆ ಚಹಾ ಬೇಕಾಗಿತ್ತು ಅನ್ನಲೇ?

ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ನನಗೊಂದು ಗುಂಡಿ ತೋರಿಸಿದ. ಅದನ್ನು ಒತ್ತಿ ಹಿಡಿದರೆ ಕಾರಿನ ಬಾಯಿ ಬಂದ್! ಹಿಗ್ಗಿನಿಂದ ಕಾಕಾನಿಗೆ ಹೇಳಿದೆ. ಅವರು ನನ್ನ ಕೈಯನ್ನೇ ಸರಿಸಿಬಿಟ್ಟರು. “ಬೈಯೋರ ಬಾಯಿ ಮುಚ್ಚಬಾರದು ಬೇ. ನಮ್ಮ ಫಿಕರ್ ಅದ ಅಂತ ಒದರತದ, ಪಾಪ.”

ಇಷ್ಟೆಲ್ಲ ಒದರುವ ಕಾರು ಒಂದೇ ಒಂದು ಜಾಗದಲ್ಲಿ ಸುಮ್ಮನಾಗುತ್ತಿತ್ತು. ಅಫಜಲಪುರ ದಾಟಿದ ಮೇಲೆ ಒಂದು ಕ್ರಾಸು ಬರುತ್ತದೆ. ಮೊದಲು ಹಣಮಪ್ಪನ ಗುಡಿ, ಆಮೇಲೆ ಬೇವಿನ ಮರದ ಕಟ್ಟೆ, ಅದರ ಪಕ್ಕ ಒಂದು ಚಹಾದಂಗಡಿ, ಮುಂದೆ ಆ ಊರಿನ ಶಾಲೆ. ಗುಡಿಯ ಮುಂದೆ ಟಿಣ್ ಟಿಣ್. ಶಾಲೆಯ ಮುಂದೆ ಟಿಣ್ ಟಿಣ್. ನಡುವೆ, ಕಟ್ಟೆಯ ಮುಂದೆ, ಸದ್ದೇ ಇಲ್ಲ. ಕಾಕಾನ ಎರಡೂ ಕೈ ಸ್ಟೀರಿಂಗಿನ ಮೇಲೆ ಬಿಗಿಯಾಗಿ, ಕಣ್ಣು ನೇರ ರಸ್ತೆಗೆ, ಕತ್ತು ಅಲುಗಾಡುವುದಿಲ್ಲ. ಕಾರು ಮಾಡಿದವರು ಆಗ ಅವರದೊಂದು ಫೋಟೋ ತೆಗೆದು, ಗಾಡಿ ಹೀಗೆ ಓಡಿಸಬೇಕು ಎಂದು ಎಲ್ಲರಿಗೂ ಹಂಚಬಹುದಿತ್ತು! ಒಂದು ಜಾಗದಲ್ಲಾದರೂ ಬುದ್ಧಿ ಬಂತಲ್ಲ ಎಂದು ನಾನು ಖುಷಿಪಟ್ಟೆ.

ಕಟ್ಟೆಯ ಮೇಲೆ ಬಿಳಿ ಧೋತರ, ಕರಿ ಚಸ್ಮಾದ ಒಬ್ಬ ಹಿರಿಯರು ಕೂತಿರುತ್ತಿದ್ದರು. ಅವರು ಕಾಕಾನ ಹಾಸ್ಟೆಲ್ ಕಾಲದ ದೋಸ್ತ ಎಂದು ಕಾಕಿ ಹೇಳಿದಳು. ಒಂದೇ ತಾಟಿನಲ್ಲಿ ಉಂಡವರು, ಒಬ್ಬರ ಅಂಗಿ ಇನ್ನೊಬ್ಬರು ಹಾಕಿಕೊಂಡವರು. ಜೇವರ್ಗಿಯಲ್ಲಿ ನಮ್ಮ ತಂಗಿಯ, ಅಂದರೆ ಕಾಕಾನ ಮಗಳ ಲಗ್ನವಾದಾಗ ಮಂಟಪದ ಬಾಗಿಲಲ್ಲಿ ಅವರು ಕಂಡರು. ಕಾಕಾ ಹೊಸ ಬೀಗರನ್ನೆಲ್ಲ ಜೊತೆಗೆ ಕರೆದುಕೊಂಡು ಹೋಗಿ, ಎರಡೂ ಕೈ ಸೇರಿಸಿ, ಸೊಂಟ ಬಗ್ಗಿಸಿ ಶರಣು ಮಾಡಿದರು. ದೋಸ್ತ ಒಂದು ಕೈ ಎತ್ತಿದರು. ಒಂದೇ ಕೈ! ಬೀಗರ ಎದುರಿಗೆ! ಅಷ್ಟೇ, ಮಾತು ನಿಂತಿತು. ಮಗಳಿಗೆ ಮಗನಾಗಿ, ಅವನು ಶಾಲೆಗೆ ಹೋಗುವಂತಾದರೂ ನಿಂತ ಮಾತು ನಿಂತೇ ಇತ್ತು.

ಹೋಗಲಿ, ಮರೆತಿದ್ದರೇ? ಎಲ್ಲಿ! ಶಾಲೆ ದಾಟಿದ ಕೂಡಲೇ ಪ್ರತಿ ಸೋಮವಾರ ಅದೇ ಮಾತು. “ನೋಡಿದೇನ್ ಬೇ ಅವನ ದಿಮಾಕು? ಕರಿ ಚಸ್ಮಾ ಹಾಕ್ಕೊಂಡು ಹೆಂಗ್ ಕುಂತಾನ! ಬರೇ ಒಂದ್ ಕೈ ಎತ್ಲಿ ಅವ, ನಾ ಗಾಡಿ ಅಲ್ಲೇ ಬಿಟ್ಟು ಎರಡೂ ಕೈ ಎತ್ತತೇನಿ.”

“ನೀವೇ ಮೊದ್ಲ ಎತ್ತಬಾರದೇನ್ರಿ ಕಾಕಾ?”

“ನಾ ಆಗಲೇ ಎತ್ತೇನಿ ಬೇ. ಜೇವರ್ಗಿಯಾಗ.”

ಕಣ್ಣು ರಸ್ತೆಯಿಂದ ಕದಲಿಸದವರಿಗೆ ಚಸ್ಮಾದ ಬಣ್ಣ ಹೇಗೆ ಕಂಡಿತು ಎಂದು ನಾನು ಕೇಳಲಿಲ್ಲ. ಕಾರಿಗೂ ಗೊತ್ತಾಗದಂತೆ ಕದ್ದು ನೋಡುವಷ್ಟು ಆಸೆ ಆ ಮನುಷ್ಯನಿಗೆ!

ಹೋದ ವರ್ಷ ಮಳೆಗಾಲ ಮುಗಿದ ಮೇಲಿನ ಒಂದು ಸೋಮವಾರ. ಹಣಮಪ್ಪನಿಗೆ ಶರಣಾಯಿತು, ಕಾರು ಒದರಿತು, ಒದರಿದ ಬೆನ್ನಿಗೇ ಪರದೆಯ ಮೇಲೆ ಚಹಾ ಕಪ್ಪಿನ ಚಿತ್ರ ಮೂಡಿತು. ಎದುರಿಗೆ ಅದೇ ಕಟ್ಟೆ, ಅದೇ ಚಹಾದಂಗಡಿ.

“ಕಾಕಾ, ಕಾರು ಕರಿಯಾಕತ್ತದ.”

“ಕಂಡದ.”

“ಮತ್ತ ನಿಲ್ಲಸ್ರಿ.”

“ಇಲ್ಲಿ ಚಹಾ ಛಲೋ ಇರಂಗಿಲ್ಲ.”

“ಕುಡದೀರೇನು?”

“ಕುಡೀಲಾರದ ಗೊತ್ತಾಗ್ತದ!”

ನನಗೂ ಹಟ ಬಂತು. ನೀರಡಿಕೆ, ಈಗಲೇ ಜೀವ ಹೋಗುತ್ತದೆ ಎಂದೆ. ಕಾಕಾ ಗಾಡಿ ನಿಲ್ಲಿಸಿದರು, ಆದರೆ ಇಳಿಯಲಿಲ್ಲ. ನಿಂತ ಗಾಡಿಯಲ್ಲಿ ಎರಡೂ ಕೈ ಸ್ಟೀರಿಂಗಿನ ಮೇಲೆ, ಕಣ್ಣು ಖಾಲಿ ರಸ್ತೆಯ ಮೇಲೆ!

ನಾನು ಅಂಗಡಿಯ ಕಡೆ ನಡೆದೆ. ಕಟ್ಟೆಯ ಮೇಲಿದ್ದ ಹಿರಿಯರು ಕೇಳಿದರು, “ಯಾರ್ ಗಾಡಿ ಯವ್ವಾ? ಇಲ್ಲೇ ನಿಂತಂಗಾತಲ್ಲ?” ಕೇಳುವಾಗ ಅವರ ಮುಖ ನನ್ನ ಕಡೆಗಿರಲಿಲ್ಲ, ಅಂಗಡಿಯ ಒಲೆಯ ಕಡೆಗಿತ್ತು. ಚಹಾ ಸೋಸುತ್ತಿದ್ದ ಹೆಂಗಸು ಮೆಲ್ಲಗೆ ಹೇಳಿದಳು. “ಅವ್ರಿಗಿ ಕಣ್ಣು ಕಾಣಂಗಿಲ್ರಿ ಅಕ್ಕೋರೆ. ಪೂರಾ ಹೋಗಿ ಎರಡ್ ವರ್ಷ ಆತು.”

ಆ ಹಿರಿಯರೇ ಮಾತು ಮುಂದುವರಿಸಿದರು.

“ಆಳಂದ ಗಾಡಿ ಅಲ್ಲೇನು? ನನಗ ಗೊತ್ತದ. ಸೋಮವಾರಕ್ಕೊಮ್ಮಿ ಕೇಳ್ತೇನಿ. ಹಣಮಪ್ಪನ ಮುಂದ ಒದರತದ, ಸಾಲಿ ಮುಂದ ಒದರತದ. ನನ್ನ ಮುಂದ ಮಾತ್ರ ಉಸುರು ಹಿಡದು ಹೋಗ್ತದ. ಇವತ್ತರ ಒದರತದೇನೋ ಅಂತ ಕಿವಿ ಕೊಟ್ಟು ಕುಂಡ್ರತೇನಿ, ಯವ್ವಾ.”

ಕಾರಿನ ಕಿಟಕಿ ಎಂದಿನಂತೆ ತೆರೆದೇ ಇತ್ತು.

“ಅವನ ಸಿಟ್ಟು ಖರೆ ಅದ,” ಎಂದರು ಅವರು. “ಲಗ್ನದಾಗ ಒಂದೇ ಕೈ ಎತ್ತಿದೆ. ಇನ್ನೊಂದ್ ಕೈ ಮಂಟಪದ ಕಂಬ ಹಿಡದಿತ್ತು. ಆಗಲೇ ಎಲ್ಲಾ ಮಬ್ಬ ಕಾಣತಿತ್ತು, ಕಂಬ ಬಿಟ್ಟಿದ್ರ ಬೀಗರ ಮುಂದ ಬೀಳತಿದ್ದೆ. ಅವನ ಮಗಳ ಲಗ್ನದಾಗ ನನ್ನ ಕಣ್ಣಿನ ಸುದ್ದಿ ಯಾಕ ಅಂತ ಸುಮ್ನಾದೆ. ಆಮ್ಯಾಲ ಹೇಳಬೇಕಂದ್ರ ಅವ ಬರಲೇ ಇಲ್ಲ.”

ಕಾರಿನ ಬಾಗಿಲು ತೆರೆದ ಸದ್ದಾಯಿತು. ಗಾಡಿ ಬಂದ್ ಮಾಡದೆ, ಬಾಗಿಲೂ ಹಾಕದೆ ಕಾಕಾ ಇಳಿದಿದ್ದರು. ಹಿಂದೆ ಕಾರು ಒಂದೇ ಸಮನೆ ಒದರುತ್ತಿತ್ತು. ಕಟ್ಟೆಯ ಮುಂದೆ ಬಂದು ನಿಂತು ಎರಡೂ ಕೈ ಸೇರಿಸಿ ತಲೆ ಬಾಗಿಸಿದರು. ಆಮೇಲೆ, ಇದು ಅವನಿಗೆ ಕಾಣುವುದಿಲ್ಲ ಎಂದು ಹೊಳೆದಿರಬೇಕು, ದೋಸ್ತನ ಕೈ ಎಳೆದುಕೊಂಡು ತಮ್ಮ ಜೋಡಿಸಿದ ಕೈಯನ್ನು ಅದರ ನಡುವೆ ಇಟ್ಟರು. ದೋಸ್ತ ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

“ಎರಡೂ ಅದಾವಲ್ಲೋ!” ಎಂದರು.

“ನಿನಗ ಕಣ್ಣಿದ್ದಾಗ ಬರಬೇಕಾಗಿತ್ತು ದೋಸ್ತ,” ಎಂದರು ಕಾಕಾ.

“ಬಂದಿದ್ರ ನಿನ್ನ ಮಾರಿ ನೋಡಬೇಕಾಗ್ತಿತ್ತು. ಪಾರಾದೆ ಬಿಡು!”

ಇಬ್ಬರೂ ನಕ್ಕರು. ನಗುತ್ತಲೇ ಇಬ್ಬರೂ ಅತ್ತರು. ಆ ದಿನ ನಾನು ಶಾಲೆಗೆ ಅರ್ಧ ದಿನದ ರಜೆ ಹಾಕಬೇಕಾಯಿತು. ಕಾಕಾ ಕರಜಗಿಯ ತನಕ ಒಬ್ಬರಿಗೂ ಶರಣು ಮಾಡಲಿಲ್ಲ, ಕಾರೂ ಒದರಲಿಲ್ಲ. “ಅವ ಕೈ ಎತ್ಲಿ ಅಂತ ನಾ ಕುಂತೆ, ಗಾಡಿ ಒದರಲಿ ಅಂತ ಅವ ಕುಂತ. ಎಂಥಾ ಮೂರ್ಖ ಮಂದಿ ಬೇ ನಾವು,” ಎಂದು ಒಂದೇ ಸಲ ಅಂದರು. ಹೋದ ಕಣ್ಣನ್ನು, ಹೋದ ವರ್ಷಗಳನ್ನು ಯಾವ ಮಾತಿನಿಂದ ತರಬೇಕು?

ಮುಂದಿನ ಸೋಮವಾರದಿಂದ ಕಟ್ಟೆಯ ಮುಂದೆಯೂ ಕಾರು ಒದರತೊಡಗಿತು. ಒದರಿದ ಕೂಡಲೇ ಕಟ್ಟೆಯ ಮೇಲೆ ಎರಡು ಕೈ ಮೇಲೇಳುತ್ತಿದ್ದವು, ಒಮ್ಮೊಮ್ಮೆ ನಮ್ಮ ಕಡೆಗೆ, ಒಮ್ಮೊಮ್ಮೆ ಎದುರಿನ ಲಾರಿಯ ಕಡೆಗೆ! ಕಾಕಾ ಇಳಿದು ಚಹಾ ಕುಡಿಯುತ್ತಿದ್ದರು, ಕಪ್ಪಿನ ಚಿತ್ರ ಬರಲಿ, ಬಿಡಲಿ. ಚಹಾ ನಿಜವಾಗಿಯೂ ಛಲೋ ಇರಲಿಲ್ಲ.

ಆ ಸುಖ ಒಂದು ಸುಗ್ಗಿ ದಾಟಲಿಲ್ಲ. ತೊಗರಿ ರಾಶಿ ಮುಗಿಯುವ ಮೊದಲೇ ಆ ದೋಸ್ತ ಲಿಂಗೈಕ್ಯರಾದರು.

ಈಗಲೂ ಸೋಮವಾರ ನಾವು ಅದೇ ಹಾದಿಯಲ್ಲಿ ಹೋಗುತ್ತೇವೆ. ಕ್ರಾಸು ಬಂದರೆ ಕಾಕಾ ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿ, ಎರಡೂ ಕೈ ಬಿಟ್ಟು ಖಾಲಿ ಕಟ್ಟೆಗೆ ಶರಣು ಮಾಡುತ್ತಾರೆ. “ಕಾಕಾ, ಕೈ!” ಎಂದು ನಾನೀಗ ಚೀರುವುದಿಲ್ಲ. ಪಕ್ಕದಿಂದ ಕೈ ಚಾಚಿ ಸ್ಟೀರಿಂಗ್ ಹಿಡಿಯುತ್ತೇನೆ. ಕೈ ಯಾರದಾದರೂ ಕಾರಿಗೆ ನಡೆಯುತ್ತದೆ, ಕಣ್ಣು ಮಾತ್ರ ಕಾಕಾನದೇ ಬೇಕು. ಆ ಕಣ್ಣು ಕಟ್ಟೆ ಬಿಟ್ಟು ಬರುವುದಿಲ್ಲವಾದ್ದರಿಂದ ಕಾರು ಒದರುತ್ತಲೇ ಇರುತ್ತದೆ.

ಹೋದ ವಾರ ತಡೆಯಲಾರದೆ ಕೇಳಿದೆ. “ಕಾಕಾ, ಇಲ್ಲಿ ಒಂದಿಷ್ಟು ಇದರ ಬಾಯಿ ಬಂದ್ ಮಾಡ್ಲೇನ್ರಿ?”

“ಬ್ಯಾಡ ಬೇ,” ಎಂದರು ಕಾಕಾ, ಕೈ ಜೋಡಿಸಿದವರು ಜೋಡಿಸಿಯೇ. “ಒದರಲಿ. ಅವ ಕಿವಿ ಕೊಟ್ಟು ಕುಂತಿರ್ತಾನ.”