ಘಾನಾದ ತಾಯಂದಿರೂ ನಮ್ಮಮ್ಮನೂ

ಕೆಲವರಿಗೆ ಹುಟ್ಟಿನಿಂದಲೇ ಎಣಿಸುವ ಚಟವಿರುತ್ತದೆ. ಮದುವೆಮನೆಗೆ ಹೋದರೆ ಎಷ್ಟು ಎಲೆ ಹಾಕಿದ್ದಾರೆ ಎಂದು ನೋಡುತ್ತಾರೆ, ಬಸ್ಸು ಹತ್ತಿದರೆ ಕೂತವರೆಷ್ಟು ನಿಂತವರೆಷ್ಟು ಎಂದು ಲೆಕ್ಕ ಹಾಕುತ್ತಾರೆ. ನಾನು ಆ ಜಾತಿಯವನು. ಇಂಥ ಚಟಕ್ಕೂ ಸಂಬಳ ಕೊಡುವವರು ಪ್ರಪಂಚದಲ್ಲಿ ಇದ್ದಾರೆ ಎಂಬುದು ನನಗೆ ಗೊತ್ತಾದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಷಿಕಾಗೋದ ಒಂದು ವಿಶ್ವವಿದ್ಯಾಲಯದವರು ನನ್ನನ್ನು ಕರೆದು ಕೂರಿಸಿ, ಪಶ್ಚಿಮ ಆಫ್ರಿಕದ ಘಾನಾ ದೇಶದ ಜನಸಂಖ್ಯೆ ಹೇಗೆ ಬೆಳೆಯುತ್ತಿದೆ ನೋಡಿ ಹೇಳು ಎಂದರು. ನಾನು ಘಾನಾವನ್ನು ನೋಡಿದವನಲ್ಲ, ಇವತ್ತಿಗೂ ನೋಡಿಲ್ಲ. ಆದರೆ ನೋಡದ ಊರಿನ ಜನರನ್ನು ಎಣಿಸುವಷ್ಟು ನೆಮ್ಮದಿಯ ಕೆಲಸ ಇನ್ನೊಂದಿಲ್ಲ. ಅವರು ಅತ್ತಿತ್ತ ಓಡಾಡುವುದಿಲ್ಲ, ಎದುರು ಮಾತಾಡುವುದಿಲ್ಲ, ನಿನಗ್ಯಾಕೆ ಬೇಕು ಎಂದು ಕೇಳುವುದಿಲ್ಲ. ಕಷ್ಟವೆಲ್ಲ ಇರುವುದು ಒಂದೇ ಸೂರಿನ ಕೆಳಗೆ ಇರುವವರನ್ನು ಎಣಿಸುವುದರಲ್ಲಿ. ಒಂದು ದೇಶದ ಲೆಕ್ಕ ಹಿಡಿದು ಕೂತಿದ್ದ ನನಗೆ ನಮ್ಮ ಮನೆಯ ಲೆಕ್ಕ ಗೊತ್ತಿರಲಿಲ್ಲ. ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ನನ್ನ ಕೆಲಸದ ಜಾಗ ಕಟ್ಟಡದ ನೆಲಮಾಳಿಗೆ. ಘಾನಾದ ಕೆಲವು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬರೆದುಕೊಂಡು ಬಂದ ಹಾಳೆಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಗೋಡೆಯುದ್ದಕ್ಕೂ ಕೂತಿದ್ದವು. ಒಂದೊಂದು ಹಾಳೆಯನ್ನೂ ನೋಡಿ, ಅಂಕಿಗಳನ್ನು ಕಾರ್ಡಿನಲ್ಲಿ ತೂತು ಮಾಡಿಸಿ, ಕಂಪ್ಯೂಟರಿನ ಬಾಯಿಗೆ ಹಾಕಬೇಕು. ಹಾಳೆಯಲ್ಲಿ ಮುಖ್ಯವಾದವು ಎರಡು ಕಾಲಮ್ಮುಗಳು. ಈ ತಾಯಿ ಒಟ್ಟು ಹೆತ್ತ ಮಕ್ಕಳೆಷ್ಟು ಎಂಬುದು ಒಂದು, ಅವರಲ್ಲಿ ಈಗ ಬದುಕಿರುವವರೆಷ್ಟು ಎಂಬುದು ಇನ್ನೊಂದು. ಈ ಎರಡರಿಂದಲೇ ಮುಂದೆ ಆ ದೇಶಕ್ಕೆ ಎಷ್ಟು ಶಾಲೆ ಬೇಕು, ಎಷ್ಟು ಬಾವಿ ಬೇಕು, ಅಕ್ರಾದಂಥ ಪಟ್ಟಣಕ್ಕೆ ಎಷ್ಟು ಜನ ನುಗ್ಗುತ್ತಾರೆ ಎಂದು ಹೇಳಬಹುದಿತ್ತು. ವಯಸ್ಸಿನ ಪ್ರಕಾರ ಆ ಜನರ ಚಿತ್ರ ಬರೆದರೆ ನಮ್ಮ ಗುಡಿಯ ಗೋಪುರದ ಹಾಗೆ ಕಾಣುತ್ತಿತ್ತು: ಬುಡ ಅಗಲ, ತುದಿ ಚೂಪು. ಬುಡದಲ್ಲಿ ಮಕ್ಕಳೋ ಮಕ್ಕಳು. ಆದರೆ ಎರಡನೆಯ ಕಾಲಮ್ಮು ಮೊದಲನೆಯದಕ್ಕಿಂತ ಕಡಿಮೆ ಇರಬೇಕಾದಷ್ಟು ಕಡಿಮೆ ಇರುತ್ತಿರಲಿಲ್ಲ. ನಮ್ಮ ಪ್ರೊಫೆಸರರು ಅದಕ್ಕೆ ಕಾರಣ ಹೇಳುತ್ತಿದ್ದರು. ತೀರಿಕೊಂಡ ಮಕ್ಕಳನ್ನು ತಾಯಂದಿರು ಮರೆತುಬಿಡುತ್ತಾರಂತೆ, ವಯಸ್ಸಾದಷ್ಟೂ ಮರೆವು ಹೆಚ್ಚಂತೆ. ಆ ಮರೆವನ್ನು ಸರಿಪಡಿಸುವುದಕ್ಕೆ ಒಂದು ಸೂತ್ರವೂ ಇತ್ತು. ಅದಕ್ಕೆ ನಾನೇ ಅರ್ಚಕ.

ನನ್ನ ಎದುರು ಮೇಜಿನವನು ಕ್ವಾಬೆನಾ. ಘಾನಾದವನೇ, ಕುಮಾಸಿ ಪಟ್ಟಣದ ಕಡೆಯವನು, ಮೇಲೆ ಓದುವುದಕ್ಕೆ ಬಂದಿದ್ದ. ಎಂಥ ಸೆಖೆಯಲ್ಲೂ ಟೈ ಬಿಚ್ಚದ ಮನುಷ್ಯ. ಅವರಲ್ಲಿ ಹುಟ್ಟಿದ ವಾರದ ಮೇಲೆ ಒಂದು ಹೆಸರು ಬರುತ್ತದೆ, ಕ್ವಾಬೆನಾ ಎಂದರೆ ಮಂಗಳವಾರ ಹುಟ್ಟಿದವನು. ಹಾಳೆಗಳಲ್ಲಿ ವಯಸ್ಸುಗಳೆಲ್ಲ ಮೂವತ್ತು, ಮೂವತ್ತೈದು, ನಲವತ್ತು ಎಂದೇ ಇರುವುದನ್ನು ನೋಡಿ ನಾನು ಒಮ್ಮೆ ನಕ್ಕೆ. ನಿಮ್ಮ ದೇಶದಲ್ಲಿ ಮೂವತ್ತೆರಡು ವರ್ಷದವರು ಯಾರೂ ಇಲ್ಲವೇ ಎಂದೆ. ಅವನು ತಣ್ಣಗೆ, "ನಮ್ಮಮ್ಮನಿಗೆ ನಾನು ಹುಟ್ಟಿದ ವಾರ ಗೊತ್ತು, ವರ್ಷ ಗೊತ್ತಿಲ್ಲ. ನಿನ್ನದು ಹೇಗೆ?" ಎಂದು ಕೇಳಿದ. ನನ್ನ ಪಾಸ್‌ಪೋರ್ಟಿನಲ್ಲಿರುವ ಹುಟ್ಟಿದ ದಿನ ಜೂನ್ ತಿಂಗಳದ್ದು. ಅದು ನಮ್ಮೂರ ಹೆಡ್‌ಮಾಸ್ತರು ಶಾಲೆಗೆ ಸೇರಿಸಿಕೊಳ್ಳುವಾಗ ತಮ್ಮ ಅನುಕೂಲಕ್ಕೆ ದಯಪಾಲಿಸಿದ್ದು. ನಾನು ಹುಟ್ಟಿದ್ದು ಕಾರ್ತಿಕದಲ್ಲಿ ಎಂದು ಅಮ್ಮ ನಕ್ಷತ್ರ ಸಮೇತ ಹೇಳುತ್ತಿದ್ದಳು, ವರ್ಷ ಕೇಳಿದರೆ ಕೆರೆ ಒಡೆದ ಮುಂದಿನ ವರ್ಷ ಎನ್ನುತ್ತಿದ್ದಳು. ಸುಳ್ಳು ವಯಸ್ಸಿನವನೊಬ್ಬ ಒಂದು ದೇಶದ ವಯಸ್ಸುಗಳನ್ನು ತಿದ್ದುತ್ತಿದ್ದ.

ಆ ಚಳಿಗಾಲಕ್ಕೆ ಅಮ್ಮ ಊರಿನಿಂದ ಬಂದಳು. ನನ್ನ ಹೆಂಡತಿ ಸರಳ ಬಸುರಿಯಾಗಿದ್ದಳು, ಬಾಣಂತನಕ್ಕೆ ಜನ ಬೇಕಿತ್ತು. ಹಿಂದಿನ ವರ್ಷ ಒಮ್ಮೆ ಗರ್ಭ ನಿಲ್ಲದೆ ಹೋಗಿದ್ದರಿಂದ ಡಾಕ್ಟರು ಈ ಸಲ ಬಹಳ ಎಚ್ಚರದಲ್ಲಿದ್ದರು. ಒಂದು ದಿನ ಅವರು ಸರಳನ ಕೈಗೆ ಒಂದು ಫಾರಂ ಕೊಟ್ಟು ಕಳಿಸಿದರು. ಗಂಡನ ಒಡಹುಟ್ಟಿದವರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಹೋದವರಿದ್ದರೆ ಎಷ್ಟು ಮಂದಿ, ಯಾವ ಕಾಯಿಲೆಯಿಂದ, ಬರೆದು ತನ್ನಿ ಎಂದಿತ್ತು. ಅಂದರೆ ನಾನು ದಿನಾ ನೋಡುತ್ತಿದ್ದ ಎರಡು ಕಾಲಮ್ಮುಗಳೇ ಮನೆಗೆ ಬಂದವು. ಬೇರೆಯವನಾದರೆ ನಾನೊಬ್ಬನೇ ಮಗ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ನನಗೆ ಹಾಗೆ ಬರೆಯುವ ಹಾಗಿರಲಿಲ್ಲ, ಯಾಕೆಂದರೆ ನನ್ನ ಹೆಸರು ತಿಪ್ಪಯ್ಯ. ಷಿಕಾಗೋದಲ್ಲಿ ನನ್ನನ್ನು ಎಲ್ಲರೂ ಟಿಪ್ ಎನ್ನುತ್ತಿದ್ದರು, ನಾನೂ ಸುಮ್ಮನಿದ್ದೆ. ಆದರೆ ನಮ್ಮ ಕಡೆ ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಒಂದು ಉರುಳು ಉರುಳಿಸಿ ತಿಪ್ಪ ಎಂದು ಹೆಸರಿಡುವುದು ಯಾವಾಗ ಎಂದು ಎಲ್ಲರಿಗೂ ಗೊತ್ತು. ಹಿಂದಿನವು ಉಳಿಯದೆ ಹೋದಾಗ. ಕಸದ ಗುಡ್ಡೆಯ ಮೇಲಿನದು ಯಾರಿಗೆ ಬೇಕು ಎಂದು ಸಾವು ತಿರುಗಿ ನೋಡದೆ ಹೋಗಲಿ ಎಂದು. ಆ ಹೆಸರನ್ನು ಮೂವತ್ತಕ್ಕೂ ಹೆಚ್ಚು ವರ್ಷ ಹೊತ್ತು ತಿರುಗಿದ ನಾನು, ಹಿಂದೆ ಎಷ್ಟು ಹೋದವು ಎಂದು ಅಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.

ಸರಿ, ಈಗ ಕೇಳಬೇಕಾಯಿತು. ಮೊದಲ ದಿನ ಅಮ್ಮ ಕಿಟಕಿಯ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದಳು. ಅಮೆರಿಕದ ಅಕ್ಕಿಯಲ್ಲಿ ಕಲ್ಲಿಲ್ಲ ಎಂದು ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ. ನಾನು ಹೋಗಿ ನಿಂತು, "ಅಮ್ಮ, ನಿನಗೆ..." ಎಂದೆ. "ಏನೋ?" ಎಂದು ತಲೆ ಎತ್ತಿದಳು. "ಕಾಫಿ ಬೇಕಾ ಅಂತ" ಎಂದೆ. ಆ ವಾರವೆಲ್ಲ ಹೀಗೆ ನನ್ನ ಹೇಡಿತನದಿಂದ ಅಮ್ಮ ದಿನಕ್ಕೆರಡು ಲೋಟ ಹೆಚ್ಚು ಕಾಫಿ ಕುಡಿದಳು. ಸರಳ ನನ್ನನ್ನು ಅಡುಗೆಮನೆಗೆ ಕರೆದು, "ಅಲ್ಲಾರೀ, ಆಫ್ರಿಕದ ಹೆಂಗಸರನ್ನೆಲ್ಲ ಕೇಳ್ತೀರಿ, ಅತ್ತೆನ ಕೇಳೋಕೆ ಏನು ಕಷ್ಟ?" ಎಂದಳು. ನೀನೇ ಕೇಳಬಾರದೇ ಎಂದೆ. ಅವಳು, "ನನ್ನ ಬಾಯಲ್ಲಿ ಆ ಮಾತು ಈಗ ಬರಬಾರದು. ನಂಗೆ ಭಯ ಆಗುತ್ತೆ" ಎಂದಳು. ಎಂ.ಎಸ್ಸಿ. ಮಾಡಿದವಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ನಾಳೆ ಕೇಳ್ತೀನಿ ಎಂದೆ. ಮಾರನೆಯ ದಿನವೂ ಕೇಳಲಿಲ್ಲ. ಡಾಕ್ಟರ ಹತ್ತಿರ ಮತ್ತೆ ಹೋಗುವ ದಿನ ಬರುತ್ತಿತ್ತು, ಫಾರಂ ಖಾಲಿಯಾಗಿಯೇ ಇತ್ತು.

ಆ ಭಾನುವಾರ ಕ್ವಾಬೆನಾನನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದೆ. ತೊಗರಿಬೇಳೆ ಸಿಗದೆ ಹಳದಿ ಬಟಾಣಿ ಬೇಳೆಯಲ್ಲೇ ಮಾಡಿದ ಸಾರು, ಬೆಂಡೆಕಾಯಿ ಗೊಜ್ಜು, ಕಡಲೆಕಾಯಿ ಚಟ್ನಿ. ಅವನು ಚಮಚ ಪಕ್ಕಕ್ಕಿಟ್ಟು, ಬಲಗೈಯಲ್ಲಿ ಕಲಸಿ, ಟೈ ಹೆಗಲ ಮೇಲೆ ಹಾಕಿಕೊಂಡು ಉಂಡ. ಬೆಂಡೆಕಾಯಿಯೂ ಕಡಲೆಕಾಯಿಯೂ ತಮ್ಮ ಮನೆಯದ್ದೇ ಅಡುಗೆ ಎಂದ. ಅಮ್ಮನಿಗೆ ಬಹಳ ಸಂತೋಷವಾಯಿತು. "ಊಟ ಮಾಡೋದು ಗೊತ್ತಿರೋ ಹುಡುಗ ಕಣೋ" ಎಂದು ಮತ್ತೆ ಅನ್ನ ಬಡಿಸಿದಳು. ಊಟ ಮುಗಿದ ಮೇಲೆ ಅವನ ಹೆಸರಿಗೆ ಅರ್ಥವೇನೆಂದು ಕೇಳು ಎಂದಳು. ನಾನು ವಾರದ ವಿಷಯ ಹೇಳಿದೆ. "ಅದು ವಾರದ ಹೆಸರಾಯ್ತು. ಅವರಮ್ಮ ಮನೇಲಿ ಏನಂತ ಕರೀತಾರೆ, ಕೇಳು" ಎಂದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಕ್ವಾಬೆನಾ ಸ್ವಲ್ಪ ನಾಚಿಕೊಂಡು, ಸುಮಿನಾ ಎನ್ನುತ್ತಾಳೆ ಎಂದ. ತಮ್ಮ ಭಾಷೆಯಲ್ಲಿ ಹಾಗೆಂದರೆ ಕಸದ ಗುಡ್ಡೆಯಂತೆ. ತನಗಿಂತ ಮೊದಲು ಇಬ್ಬರು ಹುಟ್ಟಿ ಹೋದರು, ಅದಕ್ಕೆ ಆ ಹೆಸರು, ಇದನ್ನು ವಿಶ್ವವಿದ್ಯಾಲಯದಲ್ಲಿ ಯಾರಿಗೂ ಹೇಳಬೇಡ ಎಂದ. ನಾನು ಎರಡು ವರ್ಷ ಅವನ ಎದುರಿಗೆ ಕೂತಿದ್ದೆ. ಅವನೂ ತಿಪ್ಪಯ್ಯನೇ ಎಂದು ನನಗೆ ಗೊತ್ತಿರಲಿಲ್ಲ.

ಅಮ್ಮನಿಗೆ ಅದನ್ನು ಹೇಗೆ ಹೇಳಲಿ ಎಂದು ಯೋಚಿಸಿ, ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ, "ಸರಳಾ, ನೀನು ಹೋಗಿ ಸ್ವಲ್ಪ ಮಲಕ್ಕೋಮ್ಮ" ಎಂದಳು. ಕೋಣೆಯ ಬಾಗಿಲು ಮುಚ್ಚುವವರೆಗೂ ಕಾದಳು. "ಅವನಿಗೆ ಹೇಳು, ನನಗೆ ಮೂರು ಹೋದ್ವು ಅಂತ" ಎಂದಳು. ದೊಡ್ಡವಳು ನಾಗರತ್ನ, ಎರಡೂವರೆ ವರ್ಷ ಇದ್ದಳು, ಜ್ವರ ಬಂದು ಮೂರೇ ದಿನ. ಹಸಿರು ಲಂಗ ಬಿಟ್ಟು ಬೇರೆ ಹಾಕಿಕೊಳ್ಳುತ್ತಿರಲಿಲ್ಲ. ಎರಡನೆಯವನು ಗಂಡು, ಅವನ ಹೆಸರನ್ನೂ ಹೇಳಿದಳು. ಸಿಡುಬು. ಮೂರನೆಯದು ಹೆಣ್ಣು, ಹೊಕ್ಕಳು ಕೀತು ಧನುರ್ವಾಯು ಆಗಿ ಹೆಸರಿಡುವ ದಿನದ ಬೆಳಿಗ್ಗೆ ಹೋಯಿತು. ಅದಕ್ಕೆ ಪುಟ್ಟಿ ಎಂದೇ ಅಮ್ಮನ ಮನಸ್ಸಿನಲ್ಲಿ ಹೆಸರು. ಕ್ವಾಬೆನಾ ಆ ಹೆಸರುಗಳನ್ನು ಅವಳ ಹಿಂದೆಯೇ ಹೇಳಿದ. ನಾಗರತ್ನ ಎನ್ನುವುದು ಅವನ ನಾಲಿಗೆಗೆ ಬರಲಿಲ್ಲ. ಅಮ್ಮ ಬಿಡಿಸಿ ಬಿಡಿಸಿ ಹೇಳಿಕೊಟ್ಟಳು, ಮೂರು ಹೆಸರೂ ಸರಿಯಾಗಿ ಬರುವವರೆಗೂ ಬಿಡಲಿಲ್ಲ.

ನಾನು ಆ ಹೊತ್ತು ಮಾಡಿದ್ದು ಬರೀ ತರ್ಜುಮೆ. "ಅವಳಿಗೆ ನನಗಿಂತ ಮೊದಲು ಮೂರು ಮಕ್ಕಳಿದ್ದವು, ಎರಡು ಹೆಣ್ಣು, ಒಂದು ಗಂಡು, ಮೂರೂ ಎಳೆಯದರಲ್ಲೇ ತೀರಿಹೋದವು" ಎಂದು ಕೆಲಸದ ಇಂಗ್ಲಿಷಿನಲ್ಲಿ ಹೇಳಿದೆ. ಕ್ವಾಬೆನಾ ನನ್ನ ಕಡೆ ತಿರುಗಿ, "ಅಂದರೆ ನಿನಗೆ ಇಬ್ಬರು ಅಕ್ಕಂದಿರು, ಒಬ್ಬ ಅಣ್ಣ" ಎಂದ. ತಿದ್ದುವ ದನಿಯಲ್ಲಿ ಹೇಳಲಿಲ್ಲ, ಮೆಲ್ಲಗೆ ಹೇಳಿದ. ಅಕ್ಕ ಎಂಬ ಮಾತು ಅದುವರೆಗೆ ನನ್ನ ಬಾಯಲ್ಲಿ ಬಂದಿದ್ದರೆ ಅದು ಪಕ್ಕದ ಮನೆಯವರನ್ನು ಕೂಗುವಾಗ ಮಾತ್ರ. ನನಗೆ ಬಹಳ ದುಃಖವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಸತ್ತ ಮಕ್ಕಳನ್ನು ತಾಯಂದಿರು ಮರೆಯುತ್ತಾರೆ ಎಂದು ನಾನು ಒಂದು ಸೂತ್ರ ಹಿಡಿದುಕೊಂಡು ಕೂತಿದ್ದೆ. ಇವಳಿಗೆ ಲಂಗದ ಬಣ್ಣವೂ ನೆನಪಿತ್ತು. ಆ ಹಳ್ಳಿಗಳ ಹೆಂಗಸರಿಗೂ ನೆನಪಿದ್ದಿರಬೇಕು. ಹಾಳೆ ಹಿಡಿದು ಬಾಗಿಲಲ್ಲಿ ನಿಂತವನ ಮುಖ ನೋಡಿ, ಇವನಿಗೆ ಯಾಕೆ ಹೇಳಲಿ ಎಂದುಕೊಂಡಿರಬೇಕು. ಮಾರನೆಯ ವಾರ ಇದನ್ನು ಪ್ರೊಫೆಸರರಿಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯರು, ಪೂರ್ತಿ ಕೇಳಿಸಿಕೊಂಡು, ಅದನ್ನು ಸೂತ್ರದಲ್ಲಿ ಎಲ್ಲಿ ಸೇರಿಸುವುದು ಎಂದು ಕೇಳಿದರು.

ಆ ಭಾನುವಾರ ಕ್ವಾಬೆನಾ ಹೊರಟ ಮೇಲೆ ನನಗೆ ಕೆಲಸದ ಬುದ್ಧಿ ಮರಳಿತು. ಕಾಗದ ಪೆನ್ನು ತಂದು ಅಮ್ಮನ ಮುಂದೆ ಕೂತು, ನಾಗರತ್ನ ಹೋದದ್ದು ಯಾವ ವರ್ಷ, ಯಾವ ತಿಂಗಳು, ಜ್ವರ ಎಂದರೆ ಯಾವ ಜ್ವರ ಎಂದು ಶುರು ಮಾಡಿದೆ. ಇಷ್ಟು ದಿನ ಬಾಯಿ ಬಾರದವನಿಗೆ ಈಗ ಪ್ರಶ್ನೆಯ ಮೇಲೆ ಪ್ರಶ್ನೆ. ಡಾಕ್ಟರಿಗೆ ಬೇಕಾದಷ್ಟನ್ನು ಅಮ್ಮ ಹೇಳಿದಳು, ಅದನ್ನು ಫಾರಂನಲ್ಲಿ ತುಂಬಿಸಿದೆ: ಜ್ವರ, ಸಿಡುಬು, ಧನುರ್ವಾಯು. ಆಮೇಲೆ ಬೇರೊಂದು ಹಾಳೆ ತೆಗೆದು ಮೇಲೆ ಗೆರೆ ಎಳೆದೆ.

"ಇದು ಯಾರಿಗೆ ಕೊಡೋದಕ್ಕೋ?" ಎಂದಳು.

"ಯಾರಿಗೂ ಅಲ್ಲಮ್ಮ, ನನಗೇ."

"ನಿನಗೇ ಆದ್ರೆ ಬರ್ಕೊಳ್ಳೋದು ಯಾಕೆ? ಹೆಸರು ಹೇಳಿದೀನಿ. ನಿನ್ನ ಒಡಹುಟ್ಟಿದೋರ ಹೆಸರು ಮರ್ತುಹೋಗ್ತೀಯಾ?"

ಇಲ್ಲಮ್ಮ ಎಂದು ಪೆನ್ನು ಕೆಳಗಿಟ್ಟೆ. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದು ಅವಳು ಕೇಳಬಹುದೆಂದು ಹೆದರಿಕೊಂಡೇ ಕೂತಿದ್ದೆ. ಕೇಳಲಿಲ್ಲ. ಎದ್ದು ಹೋಗಿ ಸರಳನ ಕೋಣೆಯ ಬಾಗಿಲು ಸ್ವಲ್ಪವೇ ತೆರೆದು, ನಿದ್ದೆ ಮಾಡುತ್ತಿದ್ದಾಳೆ ಎಂದು ನೋಡಿಕೊಂಡು ಬಂದಳು. ಫಾರಂ ನೋಡಿದ ಡಾಕ್ಟರು, ಇವು ಯಾವುವೂ ರಕ್ತದಲ್ಲಿ ಬರುವ ಕಾಯಿಲೆಗಳಲ್ಲ, ಹೆದರಬೇಡಿ ಎಂದರು. ಸರಳ ಅವತ್ತು ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದಳು. ವಸಂತದಲ್ಲಿ ಹೆಣ್ಣುಮಗು ಹುಟ್ಟಿತು, ಆರೋಗ್ಯವಾಗಿತ್ತು, ಈಗಲೂ ಇದೆ. ಒಳ್ಳೆಯ ಹೆಸರೇ ಇಟ್ಟೆವು.

ಈಗ ನಾವು ಡೆಟ್ರಾಯಿಟಿನ ಹತ್ತಿರ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದೇವೆ. ಇನ್ನು ಹತ್ತು ವರ್ಷಕ್ಕೆ ಕಾರು ಕೊಳ್ಳುವ ವಯಸ್ಸಿನವರು ಎಷ್ಟಿರುತ್ತಾರೆ ಎಂದು ಒಂದು ಕಂಪನಿಗೆ ಎಣಿಸಿಕೊಡುವುದು ನನ್ನ ಕೆಲಸ. ಕ್ವಾಬೆನಾ ಓದು ಮುಗಿಸಿ ಊರಿಗೆ ಹಿಂತಿರುಗಿದ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಮಗಳು ಶಾಲೆಯಿಂದ ಬಂದು, ನಮ್ಮ ಕುಟುಂಬದವರ ಹೆಸರುಗಳನ್ನೆಲ್ಲ ಬರೆದು ಒಂದು ಮರ ಮಾಡಬೇಕು, ಟೀಚರ್ ಹೇಳಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಡ್ಯಾಡಿಯ ಕಡೆಯವರು ಯಾರು ಯಾರು ಎಂದಳು. ನಾನು ಉತ್ಸಾಹದಿಂದ ನಾಗರತ್ನ ಎಂದು ಬರೆಸಿದೆ, ಪುಟ್ಟಿ ಎಂದು ಬರೆಸಿದೆ. ನಡುವೆ ಅಣ್ಣನ ಹೆಸರು ಬರೆಸಹೋದೆ. ಸೀತಾರಾಮನೋ ಸೀತಾಪತಿಯೋ ಎಂದು ಅನುಮಾನ ಬಂತು. ಒಂದು ಸಲ ಅದು ಸರಿ ಅನ್ನಿಸುತ್ತದೆ, ಇನ್ನೊಂದು ಸಲ ಇದು. ಸರಳ ಆಗ ಒಳಗೆ ಮಲಗಿದ್ದವಳು, ಅವಳಿಗೆ ಗೊತ್ತಿಲ್ಲ. ಊರಿನಲ್ಲಿ ಕೇಳೋಣವೆಂದರೆ ಆ ಕಾಲದವರು ಯಾರೂ ಉಳಿದಿಲ್ಲ. ಮಗಳು ಪೆನ್ಸಿಲು ಹಿಡಿದುಕೊಂಡು ಕಾಯುತ್ತಲೇ ಇದ್ದಳು. ಅಲ್ಲಿ ಸ್ವಲ್ಪ ಜಾಗ ಬಿಡು ಮಗು ಎಂದೆ.

ಅಮ್ಮ ಹೇಳಿಕೊಟ್ಟ ಆ ಮೂರು ಹೆಸರು ನೆನಪಿವೆಯೇ ಎಂದು ಕೇಳಿ ಹೋದ ಸೋಮವಾರ ಕ್ವಾಬೆನಾನಿಗೆ ಕಾಗದ ಹಾಕಿದ್ದೇನೆ.