ಹಡಗಿಗೆ ಮಾವ ತಂದ ಕಾಯಿ

ಬೊಂಬಾಯಿಯ ನೌಕಾಪಡೆ ಹಡಗುಕಟ್ಟೆಯಲ್ಲಿ ನಾನು ವೆಲ್ಡರ್. ಯೂನಿಫಾರ್ಮ್ ಇಲ್ಲ, ಬಂದೂಕಿಲ್ಲ, ಸೆಲ್ಯೂಟಂತೂ ಕೇಳಲೇಬೇಡಿ. ಹಡಗು ಹೊರಡುವಾಗ ಹಾರ ಬೀಳುವುದು ಬಿಳಿ ಬಟ್ಟೆಯವರಿಗೆ. ಅದರ ತಳಕ್ಕೆ ತೇಪೆ ಹಾಕಿದ ನಾವು ಹಿಂದೆ ಗೋಡೆ ಪಕ್ಕ. ಇಂಥವನ ಎದೆ ಧಸಕ್ಕೆನ್ನುವ ಪ್ರಸಂಗಗಳಿಗೆ ಬರವೇ ಇಲ್ಲ.

ಹೆಣ್ಣು ನೋಡಿದ್ದು

ಮಾಯಸಂದ್ರದ ಹತ್ತಿರ ಹೆಣ್ಣು ನೋಡಲು ಹೋದೆವು. ಉಪ್ಪಿಟ್ಟು ಬಾಯಿಗಿಡುವ ಮೊದಲೇ ಹುಡುಗಿಯ ಅಪ್ಪ ಕೇಳಿದರು, "ನೇವಿ ಅಂದ್ರಲ್ಲ, ಡ್ರೆಸ್ ಎಲ್ರೀ?"

"ನಾನು ಸಿವಿಲಿಯನ್ ಕಣ್ರೀ. ಹಡಗು ರಿಪೇರಿ ಮಾಡೋನು."

"ಯುದ್ಧ ಬಂದ್ರೆ?"

"ಹಡಗು ಹೋಯ್ತದೆ. ನಾನು ದಡದಲ್ಲೇ ಇರ್ತೀನಿ."

ಅವರು ದಡಕ್ಕನೆ ಎದ್ದು ಒಳಗೆ ಹೋದರು. ನಮ್ಮಪ್ಪನ ಮುಖ ಬಿಳಿಚಿಕೊಂಡಿತು. ಸಂಬಂಧ ಮುರಿಯಿತು ಅಂತ ನಾನು ಚಪ್ಪಲಿ ಕಡೆ ನೋಡಿದೆ. ಆಗ ಒಳಗಿನಿಂದ ಅವರ ದನಿ ಕೇಳಿತು:

"ಲೇ ಇವಳೇ, ಒಪ್ಕೊಂಡು ಬುಡಾನ ಕಣೇ! ಮಿಲಿಟರಿ ಕೆಲ್ಸ, ಸಾಯೋ ಭಯ ಇಲ್ಲ!"

ತೂಬು ಎತ್ತಿದ್ಯಾರು?

ಮದುವೆಯಾಯಿತು. ಆಮೇಲೊಂದು ಸಲ ನಮ್ಮ ದೊಡ್ಡ ಸಾಹೇಬರು ಎಲ್ಲರೂ ಬೆಚ್ಚಿಬೀಳುವ ಹುಕುಂ ಹೊರಡಿಸಿದರು: ರಿಪೇರಿಯಾದ ಹಡಗನ್ನು ನೀರಿಗೆ ಬಿಡುವಾಗ ಅದರ ಮೂತಿಗೆ ಕಾಯಿ ಒಡೆಯುವವನು ಈ ಸಲ ಕೆಲಸಗಾರ! ತೆಂಗಿನ ಸೀಮೆಯವನೆಂದು ನನ್ನ ಹೆಸರು ಬಿತ್ತು. ಫೋರ್‌ಮನ್ ಕಿವಿಯಲ್ಲಿ ಹೇಳಿದರು, "ನಮ್ಮನ್ನು ಮುಂದೆ ನಿಲ್ಲಿಸ್ತಿರೋದು ಇದೇ ಮೊದಲು. ಎಡವಟ್ಟಾದರೆ ಇದೇ ಕೊನೆ."

ಒಳ್ಳೆ ಕಾಯಿ ಬೇಕೆಂದು ಊರಿಗೆ ಕಾಗದ ಬರೆದೆ. ಕಾಯಿಯ ಜೊತೆಗೆ ಮಾವನೇ ಬಂದಿಳಿದರು. ಪಾಸು ಮಾಡಿಸಿ ಕರೆದೊಯ್ದೆ. ರಿಪೇರಿಗೆ ಬಂದ ಹಡಗನ್ನು ಕಟ್ಟೆಯೊಳಗೆ ತಂದು, ಬಾಗಿಲು ಮುಚ್ಚಿ, ನೀರನ್ನೆಲ್ಲ ಪಂಪ್ ಮಾಡಿ ಹೊರಗೆ ಹಾಕುತ್ತೇವೆ. ಆ ಒಣ ಗುಂಡಿಯಲ್ಲಿ ಕೂತ ಹಡಗನ್ನು ನೋಡಿ ಮಾವ ಎದೆ ಹಿಡಿದುಕೊಂಡರು.

"ಅಯ್ಯಯ್ಯೋ ಅಳಿಯಂದ್ರೇ, ತೂಬು ಎತ್ತಿದ್ಯಾರು? ನಮ್ಮ ಬೋರನಕಣಿವೆ ಡ್ಯಾಮಲ್ಲಿ ಹಿಂಗ್ ಮಾಡಿದ್ರೆ ಜನ ಸುಮ್ನೆ ಬುಡ್ತಾರಾ?"

ಲೊಡಲೊಡ

ಮುಹೂರ್ತ ಬಂತು. ಬ್ಯಾಂಡು, ಸಾಹೇಬರುಗಳು, ಅವರ ಮನೆಯವರು. ನಮ್ಮವರೂ ಗೋಡೆ ಬಿಟ್ಟು ಮುಂದಿನ ಸಾಲಿಗೆ ಬಂದಿದ್ದರು. ಅರಿಶಿನ ಕುಂಕುಮ ಹಚ್ಚಿದ ಕಾಯಿಯನ್ನು ಮಾವ ಕೈಗಿತ್ತರು. ಎತ್ತಿದರೆ, ಒಳಗೆ ಲೊಡಲೊಡ!

"ಮಾವ, ಇದು ಕೊಬ್ಬರಿ ಆಗಿರೋ ಕಾಯಿ!"

"ಹೂಂ ಮತ್ತೆ! ಸರ್ಕಾರದ ಹಡಗಿಗೆ ಹಸಿಕಾಯಿ ತರಕ್ಕಾಯ್ತದಾ? ವರ್ಷದಿಂದ ಅಟ್ಟದ ಮೇಲೆ ಕಾಪಾಡಿದ್ದು."

ಒಳಗೇ ಒಣಗಿ ಉಂಡೆಯಾದ ಕೊಬ್ಬರಿಗಿಂತ ಮೇಲಾದದ್ದು ನಮ್ಮ ಕಡೆ ಇಲ್ಲ, ನಿಜ. ಆದರೆ ಒಡೆದರೆ ನೀರು ಚಿಮ್ಮಬೇಕಲ್ಲ! ಬೇರೆ ಕಾಯಿ ತಂದಿರಲಿಲ್ಲ. ದೇವರೇ ಗತಿ ಎಂದು ಅಪ್ಪಳಿಸಿದೆ. ಚಿಪ್ಪು ಹೋಳಾಯಿತು, ಹನಿ ನೀರಿಲ್ಲ. ಕೊಬ್ಬರಿ ಉಂಡೆ ಉರುಳಿ ಉರುಳಿ ಹೋಗಿ ದೊಡ್ಡ ಸಾಹೇಬರ ಬೂಟಿಗೆ ತಗುಲಿ ನಿಂತಿತು. ಬ್ಯಾಂಡೂ ನಿಂತಿತು. "ಅಪಶಕುನ" ಎಂದು ಯಾರೋ ಪಿಸುಗುಟ್ಟಿದರು. ನಮ್ಮವರು ಮೆಲ್ಲಗೆ ಗೋಡೆ ಕಡೆ ಸರಿಯತೊಡಗಿದರು. ನನಗೆ ಅಳುವೇ ಬಂತು.

ಮಾವ ಮಾತ್ರ ಮುಂದೆ ಹೋಗಿ ಕೈಮುಗಿದರು. "ಒಳಗೆ ಒಂದು ತೊಟ್ಟು ನೀರಿಲ್ಲ ಸ್ವಾಮಿ. ಹಡಗಿಗೆ ಇದಕ್ಕಿಂತ ಒಳ್ಳೆ ಶಕುನ ಬೇಕಾ?"

ಅದನ್ನು ನಾನು ಸಾಹೇಬರಿಗೆ ಹಿಂದಿಯಲ್ಲಿ ಹೇಳಿದೆ. ಸಾಹೇಬರು ಬಗ್ಗಿ ಉಂಡೆ ಎತ್ತಿಕೊಂಡರು, ಒರೆಸಿ ಒಂದು ಚೂರು ಕಚ್ಚಿದರು.

"ಇನ್ನು ಮೇಲೆ ಪ್ರತಿ ಹಡಗಿಗೂ ಕೆಲಸಗಾರರೇ ಒಡೆಯಲಿ," ಎಂದರು. "ಕಾಯಿ ಮಾತ್ರ ಈ ಮಾವನದೇ ಆಗಬೇಕು!"