ಮುಂದಿನ ವರ್ಷದ ಅಳತೆ

ಮೇ ತಿಂಗಳ ಬಿಸಿಲಿಗೆ ನಮ್ಮ ಕಡೆ ಎಲ್ಲರೂ ಬೈಯುತ್ತಾರೆ. ನನಗೆ ಬಿಸಿಲಿನ ಮೇಲೆ ಯಾವ ತಕರಾರೂ ಇಲ್ಲ. ನನ್ನ ತಲೆ ಕಾಯುವುದು ಜೂನ್‌ನಲ್ಲಿ, ಶಾಲೆ ಶುರುವಾಗುವ ವಾರ. ಐದನೆಯ ಇಯತ್ತೆಯಲ್ಲಿ ಓದುತ್ತಿರುವ ನನ್ನ ಮಗಳು ಶ್ರಾವಣಿಯ ಕೈಗೆ ಶಾಲೆಯವರು ಒಂದು ಚೀಟಿ ಕೊಟ್ಟು ಕಳಿಸುತ್ತಾರೆ. ಗಣವೇಷ, ಅಂದರೆ ಸಮವಸ್ತ್ರ, ಎರಡು ಜೊತೆ, ಶನಿವಾರಕ್ಕೆ ಬಿಳಿಯದು ಬೇರೆ, ಟೈ, ಬೆಲ್ಟು, ಎರಡು ಪಟ್ಟಿ ಇರುವ ಕಾಲುಚೀಲ. ಒಂದೇ ಪಟ್ಟಿ ಇದ್ದರೆ ಗುಣಾಕಾರ ತಲೆಗೆ ಹತ್ತುವುದಿಲ್ಲವೋ ಏನೋ! ಇದೆಲ್ಲ ಸಿಗುವುದು ನಮ್ಮ ಗಡಿ ತಾಲೂಕಿನ ಊರಾದ ಜತ್ತಿನ ಒಂದೇ ಒಂದು ಅಂಗಡಿಯಲ್ಲಿ. ಅಲ್ಲಿಯ ಮಾಲೀಕ ನಮ್ಮನ್ನು ನೋಡಿದ ಕೂಡಲೇ ಬರ್ರಿ, ಕುಂದ್ರಿ ಎಂದು ನಗುತ್ತಾನಲ್ಲ, ಆ ನಗೆಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ವಳಸಂಗದ ಕನ್ನಡ ಶಾಲೆಯಲ್ಲಿ ಮಾಸ್ತರ. ನನ್ನ ಶಾಲೆಯ ಮಕ್ಕಳಿಗೆ ಗಣವೇಷ ಪುಕ್ಕಟೆ ಬರುತ್ತದೆ. ಹಾಗಾದರೆ ನಿಮ್ಮ ಮಗಳನ್ನು ನಿಮ್ಮ ಶಾಲೆಗೇ ಯಾಕೆ ಹಾಕಲಿಲ್ಲ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ಆ ಪ್ರಶ್ನೆಗೂ ನನಗೆ ಸಿಟ್ಟು ಬರುತ್ತದೆ.

ಈ ಅಂಗಡಿಯವನ ಸೊಕ್ಕು ಮುರಿಯಲೇಬೇಕೆಂದು ಈ ವರ್ಷ ನಾನು ಪಣ ತೊಟ್ಟೆ. ಹಳೆಯ ಸ್ಕರ್ಟಿನ ಒಳಮಡಿಕೆಯಿಂದ ಬೆರಳಗಲದ ತುಂಡು ಕತ್ತರಿಸಿಕೊಂಡು, ಜೇಬಿನಲ್ಲಿಟ್ಟುಕೊಂಡು, ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆ. ಬಜಾರಿನಲ್ಲಿ ಹನ್ನೊಂದು ಅಂಗಡಿ ಹತ್ತಿ ಇಳಿದೆ. ಪ್ರತಿ ಅಂಗಡಿಯಲ್ಲೂ ಆ ತುಂಡನ್ನು ಹೊರಗೆ ತೆಗೆದು, ಬಾಗಿಲಿಗೆ ಬಂದು, ಬಿಸಿಲಿಗೆ ಹಿಡಿದು ಚೌಕಳಿ ಹೊಂದುತ್ತದೆಯೇ ಎಂದು ನೋಡಿದೆ. ಹನ್ನೆರಡನೆಯದರಲ್ಲಿ ಹೊಂದಿತು. ದರ ನಮ್ಮೂರಿನ ಅರ್ಧ! ಅಷ್ಟು ಸಸ್ತಾ ಸಿಕ್ಕಾಗ ಯಾರಾದರೂ ಅಳತೆ ಮಾಡಿ ತರುತ್ತಾರೆಯೇ? ಬೇಕಾದದ್ದಕ್ಕಿಂತ ಎರಡು ಪಟ್ಟು ಹರಿಸಿಕೊಂಡು ಬಂದೆ. ಬರುವಾಗ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಲಡಾಯಿ ಗೆದ್ದವನ ಹಾಗೆ ಎದೆಯುಬ್ಬಿಸಿ ಕುಳಿತಿದ್ದೆ.

ಇನ್ನು ಹೊಲಿಗೆ. ಹತ್ತಿರದ ಹಳ್ಳಿ ಮುಚ್ಚಂಡಿಯಲ್ಲಿ ನಮ್ಮ ಸಿದ್ರಾಮಮಾಮಾ ಇದ್ದಾನೆ, ನನ್ನ ತಂದೆಯ ಕಾಲದ ಟೇಲರ್. ಆದರೆ ಶ್ರಾವಣಿ ಅಳತೆ ಕೊಡಲು ಬರಲೊಲ್ಲೆ ಎಂದು ಹಟ ಹಿಡಿದಳು. ಕಾರಣ ಕೇಳಿದರೆ ನನ್ನ ಮೇಲೆಯೇ ತಪ್ಪು ಹೊರಿಸಿದಳು. "ಪ್ರತಿ ವರ್ಷ ದೊಡ್ಡದs ಹೊಲಸ್ತಿ ಪಪ್ಪಾ. ಸೊಂಟಕ್ಕ ಪಿನ್ನ ಹಚ್ಚಕೊಂಡ ಹೋಗಬೇಕು. ಸಾಲ್ಯಾಗ ಎಲ್ಲಾರೂ ನಗ್ತಾರ." ಬೆಳೆಯುವ ಮಕ್ಕಳಿಗೆ ದೊಡ್ಡದು ಹೊಲಿಸದೆ ಏನು ಮಾಡುತ್ತಾರೆ? ನಮ್ಮ ತಾಲೂಕಿನಲ್ಲಿ ಇದು ನಾನು ಕಂಡುಹಿಡಿದದ್ದಲ್ಲ. ಮೊದಲ ವರ್ಷ ಮಗು ಬಟ್ಟೆಯೊಳಗೆ ಓಡಾಡುತ್ತದೆ, ಎರಡನೆಯ ವರ್ಷ ಬಟ್ಟೆ ಮೈಗೆ ಬರುತ್ತದೆ. ಮೈಗೆ ಬರುವ ಹೊತ್ತಿಗೆ ಬಣ್ಣ ಹೋಗಿರುತ್ತದೆ, ಹಿಂದೆ ಹರಿದಿರುತ್ತದೆ ಎನ್ನುವುದು ಬೇರೆ ಮಾತು. ಹಟ ಮಾಡಿದರೆ ನಾನು ಬಿಡುತ್ತೇನೆಯೇ? ಪಕ್ಕದ ಮನೆಯ ಪ್ರಾಜಕ್ತಾ ಅದೇ ಶಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿದ್ದಾಳೆ. ಎರಡು ವರ್ಷಕ್ಕೆ ನಮ್ಮ ಹುಡುಗಿ ಅವಳಷ್ಟೇ ಆಗುತ್ತಾಳಲ್ಲ! ಪ್ರಾಜಕ್ತಾಳಿಗೆ ಒಂದು ಐಸ್‌ಕ್ರೀಮ್ ಕೊಡಿಸಿ, ಗಾಡಿಯ ಮೇಲೆ ಕೂಡಿಸಿಕೊಂಡು ಹೋಗಿ, ಅವಳ ಅಳತೆಯನ್ನೇ ಕೊಟ್ಟು ಬಂದೆ. ಯಾರ ಹುಡುಗಿ ಎಂದು ಸಿದ್ರಾಮಮಾಮಾ ಕೇಳಲಿಲ್ಲ, ನಾನು ಹೇಳಲೂ ಇಲ್ಲ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಎಂದುಕೊಂಡೆ.

ಜೂನ್‌ನಲ್ಲಿ ಕೊಟ್ಟ ಬಟ್ಟೆ ಆಗಸ್ಟ್ ಬಂದರೂ ಮನೆಗೆ ಬರಲಿಲ್ಲ. ಇವತ್ತು, ನಾಳೆ, ಅಮಾವಾಸ್ಯೆ ಆದ ಮೇಲೆ ಎಂದು ಸಿದ್ರಾಮಮಾಮಾ ನನ್ನನ್ನು ಅಲೆದಾಡಿಸಿದ. ಅಷ್ಟರಲ್ಲಿ ಸ್ವಾತಂತ್ರ್ಯ ದಿನದಂದು ಕಟ್ಟೆಯ ಮೇಲೆ ನಿಂತು ಇಡೀ ಶಾಲೆಗೆ ಪ್ರತಿಜ್ಞೆ ಹೇಳಿಸಲು ಶ್ರಾವಣಿಯ ಆಯ್ಕೆಯಾಯಿತು. ಎಂಟು ದಿನ ಅವಳು ಅದನ್ನು ಎಷ್ಟು ಜೋರಾಗಿ ಕಲಿತಳೆಂದರೆ ನಮ್ಮ ಓಣಿಯ ಹಾಲಿನವನಿಗೂ ಬಾಯಿಪಾಠವಾಯಿತು. ಆದರೆ ಅವರ ಮಿಸ್ಸು ಒಂದು ಷರತ್ತು ಹಾಕಿದ್ದರು. "ಹೊಸಾ ಗಣವೇಷ ಇದ್ರs ಮ್ಯಾಲ ನಿಂದ್ರಸ್ತಾರಂತ ಪಪ್ಪಾ. ಹರಕ ಸ್ಕರ್ಟ್ ಹಾಕ್ಕೊಂಡ ಬಂದ್ರ ಬ್ಯಾರೆದಾಕಿ ಹೇಳ್ತಾಳ" ಎಂದು ಶ್ರಾವಣಿ ದಿನಾ ನನ್ನ ಹಿಂದೆ ಸುತ್ತಿದಳು. ಬಟ್ಟೆ ನೋಡಿ ಪ್ರತಿಜ್ಞೆ ಹೇಳಿಸುವುದು ಯಾವ ನ್ಯಾಯ ಎಂದು ನಾನು ಮನೆಯಲ್ಲೇ ಒಂದು ಭಾಷಣ ಮಾಡಿದೆ. ಶಾಲೆಗೆ ಹೋಗಿ ಮಾಡುವ ಧೈರ್ಯ ಬರಲಿಲ್ಲ.

ಹದಿನಾಲ್ಕರ ಮಧ್ಯಾಹ್ನ ಅಂತೂ ಗಂಟು ಕೈಗೆ ಬಂತು. ಶ್ರಾವಣಿ ಓಡುತ್ತ ಒಳಗೆ ಹೋಗಿ ಹಾಕಿಕೊಂಡು, ನಿಧಾನವಾಗಿ ಹೊರಗೆ ಬಂದಳು. ನಿಧಾನ ಯಾಕೆಂದರೆ ಸ್ಕರ್ಟು ನೆಲ ಗುಡಿಸುತ್ತಿತ್ತು. ಅಂಗಿಯ ತೋಳಿನಲ್ಲಿ ಬೆರಳು ಕಾಣುತ್ತಿರಲಿಲ್ಲ. ನನ್ನ ಹೆಂಡತಿ ಸುನಂದಾ ಸೆರಗು ಬಾಯಿಗೆ ಒತ್ತಿ ನಗು ತಡೆಯಲು ನೋಡಿದಳು, ಆಗಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪ್ರಾಜಕ್ತಾಳ ಅಳತೆ ಎಂದರೂ ಇಷ್ಟಿರಲು ಸಾಧ್ಯವಿಲ್ಲ! ಹುಡುಗಿಯನ್ನು ಗಾಡಿಯ ಮೇಲೆ ಹಾಕಿಕೊಂಡು ನೇರ ಮುಚ್ಚಂಡಿಗೆ ಹೋದೆ.

ಸಿದ್ರಾಮಮಾಮಾ ಕನ್ನಡಕ ಏರಿಸಿ ಶ್ರಾವಣಿಯನ್ನು ನೋಡಿದ. "ಗುರುಜಿ, ನೀವು ಆವತ್ತ ಕರ್ಕೊಂಡ ಬಂದ ಹುಡುಗಿ ಈಕಿ ಅಲ್ಲಲ್ರಿ?"

"ಆಕಿ ಇರ್ಲಿ ಮಾಮಾ. ಆಕಿ ಅಳತಿಗಿನೂ ಇದು ದೊಡ್ಡದ ಆಗೇತಿ."

"ಆಗದ ಏನ್ ಮಾಡ್ತದ್ರಿ? ಸಾಲಿ ಅರಿವಿ ಅಂದ್ರ ನಾ ನಾಕ ಬೆರಳ ಬಿಟ್ಟs ಹೊಲಿತೀನಿ, ಇದು ನಮ್ಮ ಮೊದಲಿನ ರೂಢಿ. ಆಮ್ಯಾಲ ನಿಮ್ಮ ಮನಿ ಅಕ್ಕಾರ ಫೋನ್ ಮಾಡಿದ್ರು. ನಮ್ಮ ಯಜಮಾನ್ರಿಗೆ ಇದೆಲ್ಲಾ ತಿಳಿಯಂಗಿಲ್ಲ ಮಾಮಾ, ಇನ್ನ ಎರಡ ವರ್ಷ ಬರೂಹಂಗ ಬಿಡ್ರಿ ಅಂದ್ರು. ಬಿಟ್ಟೆ."

ನನಗೆ ತಿಳಿಯುವುದಿಲ್ಲವಂತೆ! ನನಗಿಂತ ಹೆಚ್ಚು ಉಳಿತಾಯ ಮಾಡುವ ಜನ ನನ್ನ ಮನೆಯಲ್ಲೇ ಇದ್ದಾರೆಂದು ಗೊತ್ತಾಗಿ ಅವಮಾನವೂ ಆಯಿತು. ಸಿದ್ರಾಮಮಾಮಾ ಕತ್ತರಿ ಎತ್ತಿಕೊಂಡು ಹತ್ತು ನಿಮಿಷದಲ್ಲಿ ಸರಿ ಮಾಡಿ ಕೊಡುತ್ತೇನೆ ಎಂದ. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಕತ್ತರಿ ಬಟ್ಟೆಗೆ ತಾಗುವಷ್ಟರಲ್ಲಿ ನಾನು ಅವನ ಕೈಯನ್ನೇ ಹಿಡಿದುಬಿಟ್ಟೆ. "ಕತ್ತರಿಸಬ್ಯಾಡ್ರಿ ಮಾಮಾ! ಒಳಗ ಮಡಚ್ರಿ." ಅವನು ಒಂದು ಸಲ ಮಡಚಿದ, ಎರಡು ಸಲ ಮಡಚಿದ, ಮೂರು ಸಲ ಮಡಚಿ ಹೊಲಿಗೆ ಹಾಕಿದ. ಸ್ಕರ್ಟಿನ ಅಂಚು ಹಾಸಿಗೆಯ ಸುರುಳಿಯಷ್ಟು ದಪ್ಪವಾಗಿ, ಹುಡುಗಿ ನಿಂತರೂ ಕುಳಿತರೂ ಸುತ್ತ ಬಿರುಸಾಗಿ ನಿಂತಿತು. "ಗುರುಜಿ, ಇದ್ರಾಗ ಇನ್ನೂ ಒಬ್ಬಾಕಿ ಹುಡುಗಿ ಅದಾಳ ನೋಡ್ರಿ" ಎಂದು ಸಿದ್ರಾಮಮಾಮಾ ನಕ್ಕ.

ಶ್ರಾವಣಿ ನಗಲಿಲ್ಲ, ಅಳಲೂ ಇಲ್ಲ. ಕನ್ನಡಿಯನ್ನು ನೋಡುತ್ತಲೇ ಹೇಳಿದಳು: "ಪಪ್ಪಾ, ನಾಳೆ ನಾ ಹೇಳಂಗಿಲ್ಲ. ಪ್ರಾಜಕ್ತಾ ಅಕ್ಕ ಹೇಳ್ಲಿ ತಗೋ. ಅಳತಿ ಕೊಡಾಕ ನೀ ಆಕಿನ್ನs ಕರ್ಕೊಂಡ ಬಂದಿದ್ದಿಯಂತಲ್ಲ."

ಮಾಸ್ತರಿಕೆಯ ಇಷ್ಟು ವರ್ಷಗಳಲ್ಲಿ ಯಾವ ಇನ್‌ಸ್ಪೆಕ್ಟರನೂ ನನ್ನನ್ನು ಹೀಗೆ ನಿಲ್ಲಿಸಿರಲಿಲ್ಲ. ಈ ಹುಡುಗಿ ಹೊಸದೂ ಮೈಗೆ ಸರಿಯಾದದ್ದೂ ಆದ ಬಟ್ಟೆ ಹಾಕಿಕೊಂಡದ್ದನ್ನು ನಾನು ಒಂದು ದಿನವೂ ನೋಡಿಲ್ಲವಲ್ಲ ಎನ್ನಿಸಿತು. ಗಾಡಿಯನ್ನು ಜತ್ತಿಗೆ ತಿರುಗಿಸಿದೆ, ಅದೇ ಅಂಗಡಿಗೆ, ಅದೇ ನಗೆಯ ಮುಂದೆ.

"ಬರ್ರಿ ಗುರುಜಿ, ಕುಂದ್ರಿ. ಎರಡ ನಂಬರ ದೊಡ್ಡದ ತೋರಸ್ಲಿ?"

ನನ್ನ ನಾಲಿಗೆ "ಹೂಂ" ಎನ್ನಲು ಎದ್ದೇಬಿಟ್ಟಿತ್ತು. ಶ್ರಾವಣಿ ನನ್ನ ಮುಖ ನೋಡಿದಳು. "ಆಕಿ ಅಳತೀದs ಕೊಡ್ರಿ" ಎಂದೆ.

"ಅಳತೀದ?" ಅಂಗಡಿಯವನಿಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ಅಳತೀದ ಯಾರೂ ಒಯ್ಯಂಗಿಲ್ರಿ. ಒಳಗ ಎಲ್ಲೆರ ಬಿದ್ದಿದ್ರ ನೋಡ್ತೀನಿ." ಏಣಿ ಹಾಕಿ, ಅಟ್ಟ ಹತ್ತಿ, ಸೀನುತ್ತ ಸೀನುತ್ತ ಧೂಳು ಹಿಡಿದ ಪೊಟ್ಟಣವೊಂದನ್ನು ತಂದ. ಧೂಳಿಗಾದರೂ ದರ ಇಳಿಸುತ್ತಾನೆ ಎಂದುಕೊಂಡಿದ್ದೆ. ಇಳಿಸಲಿಲ್ಲ, ಕಳ್ಳ!

ಮರುದಿನ ಶ್ರಾವಣಿ ಕಟ್ಟೆಯ ಮೇಲೆ ನಿಂತಳು. ಸ್ಕರ್ಟು ಸರಿಯಾಗಿ ಮೊಣಕಾಲಿಗೆ ಮುಗಿದಿತ್ತು, ಪಿನ್ನು ಇರಲಿಲ್ಲ, ದನಿ ನಡುಗಲಿಲ್ಲ. ಕೆಳಗೆ ಉಳಿದ ಮಕ್ಕಳೆಲ್ಲ ಮುಂದಿನ ವರ್ಷದ ಬಟ್ಟೆಯೊಳಗೆ ನಿಂತು ಅವಳು ಹೇಳಿದ್ದನ್ನೇ ಹೇಳಿದರು. ನನ್ನ ಕಣ್ಣು ಒದ್ದೆಯಾಯಿತೆಂದು ಸುನಂದಾ ಈಗಲೂ ಆಡಿಕೊಳ್ಳುತ್ತಾಳೆ. ನಾನು ಮಾತ್ರ ಪಕ್ಕದಲ್ಲಿ ಕುಳಿತ ಪಾಲಕರಿಗೆ, "ಮಕ್ಕಳ ಅರಿವಿ ಅಳತೀದs ತಗೋಬೇಕ್ರಿ, ಉಳಿತಾಯಕ್ಕೂ ಒಂದ ಮಿತಿ ಬ್ಯಾಡೇನ್ರಿ?" ಎಂದು ಉಪದೇಶ ಮಾಡಿ ಬಂದೆ.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ದಿನ ನೋಡುತ್ತೇನೆ, ಸ್ಕರ್ಟು ಮೊಣಕಾಲಿನಿಂದ ಎರಡು ಬೆರಳು ಮೇಲೆ! ಮೂರು ತಿಂಗಳೂ ಆಗಿಲ್ಲ, ಇದೇನು ಅನ್ಯಾಯ? ಅಂಗಡಿಯವನನ್ನು ಬೈಯಲು ಬರುವಂತಿಲ್ಲ, ಸಿದ್ರಾಮಮಾಮಾನ ಕೈ ಇದರಲ್ಲಿಲ್ಲ, ಸುನಂದಾ ಯಾರಿಗೂ ಫೋನು ಮಾಡಿಲ್ಲ. ಶ್ರಾವಣಿಯನ್ನು ಕರೆದು ಗೋಡೆಗೆ ನಿಲ್ಲಿಸಿ ನೋಡಿದೆ. ತಾನು ಬೆಳೆದದ್ದಕ್ಕೆ ಅಪ್ಪನಿಗೆ ಹಿಗ್ಗು ಎಂದುಕೊಂಡ ಹುಡುಗಿ ಎದೆ ಸೆಟೆಸಿ, ಹಿಮ್ಮಡಿ ಎತ್ತಿ, ಮತ್ತಷ್ಟು ನೆಟ್ಟಗೆ ನಿಂತಳು.

"ಸ್ವಲ್ಪ ಬಗ್ಗವಾ" ಎಂದೆ.